ಪೋಸ್ಟ್‌ಕಾರ್ಡಿನ ಬೆನ್ನಿನಿಂದ ಶುರು ಮಾಡಿ: ಹಳೆ ಫೋಟೋಗಳಲ್ಲಿ ಕಾಣೆಯಾದ ಬೆಂಗಳೂರನ್ನು ಹುಡುಕುವ ಬಗೆ

ನನ್ನ ಬಳಿ ಒಂದು ಪೋಸ್ಟ್‌ಕಾರ್ಡ್ ಇದೆ. ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆಯ ಚಿತ್ರ. ಸುತ್ತ ಖಾಲಿ ರಸ್ತೆ, ಎಳೆ ಮರಗಳು, ದೂರದಲ್ಲೊಂದು ಜಟಕಾ. ಚಿತ್ರದ ಮೇಲೆಲ್ಲೂ ಇಸವಿ ಇಲ್ಲ. ಆದರೂ ಇದು ಯಾವ ಕಾಲದ್ದು ಅಂತ ಮೂರೇ ವರ್ಷದ ಅಂತರದಲ್ಲಿ ಹೇಳಬಹುದು. ಆ ಪ್ರತಿಮೆ ಅನಾವರಣ ಆದದ್ದು 1906ರ ಫೆಬ್ರವರಿಯಲ್ಲಿ. ಕಾರ್ಡಿನ ಹಿಂದೆ ಏಳನೇ ಎಡ್ವರ್ಡ್ ತಲೆಯ ಕೆಂಪು ಒಂದಾಣೆ ಸ್ಟಾಂಪ್. ಅದರ ಮೇಲೆ 1909ರ ಅಂಚೆ ಮುದ್ರೆ. ಅಂದರೆ 1906ಕ್ಕಿಂತ ಮುಂಚೆ ಅಲ್ಲ, 1909ರ ನಂತರ ಅಲ್ಲ.

ಇಡೀ ಕೆಲಸದ ಗುಟ್ಟು ಇಷ್ಟೇ. ಪ್ರತಿ ಚಿತ್ರಕ್ಕೂ ಎರಡು ಗೆರೆ ಎಳೆಯಬೇಕು. ಒಂದು 'ಇದಕ್ಕಿಂತ ಮುಂಚೆ ಅಲ್ಲ', ಇನ್ನೊಂದು 'ಇದರ ನಂತರ ಅಲ್ಲ'. ಆಮೇಲೆ ಆ ಗೆರೆಗಳನ್ನು ಹತ್ತಿರ ತರುತ್ತಾ ಹೋಗಬೇಕು. ನಾನು ಬೆಂಗಳೂರಿನ ಉದಾಹರಣೆ ಕೊಡುತ್ತೇನೆ, ನನಗೆ ಗೊತ್ತಿರುವ ಊರು ಅದೇ. ನಿಮ್ಮದು ಮೈಸೂರೋ ಹುಬ್ಬಳ್ಳಿಯೋ ಆಗಿದ್ದರೂ ದಾರಿ ಇದೇ.

ಮೊದಲನೆಯದು: ಇಡೀ ಊರು ಬೇಡ, ಒಂದು ಜಾಗ ಸಾಕು

'ಹಳೆ ಬೆಂಗಳೂರು' ಅಂತ ಹೊರಟರೆ ಮೊಬೈಲ್ ತುಂಬಾ ಚಿತ್ರ ಸೇರುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. ಒಂದು ಸರ್ಕಲ್, ಒಂದು ಕೆರೆ, ಒಂದು ರಸ್ತೆ ಆರಿಸಿಕೊಳ್ಳಿ. ನೀವು ದಿನಾ ಓಡಾಡುವ ಜಾಗವಾದರೆ ಇನ್ನೂ ಒಳ್ಳೆಯದು.

ಹಡ್ಸನ್ ಸರ್ಕಲ್ ತೆಗೆದುಕೊಳ್ಳಿ. ಈಗ ಅಲ್ಲಿ ಸಿಗ್ನಲ್ ಬಿಟ್ಟರೆ ನಿಲ್ಲಲೂ ಪುರುಸೊತ್ತಿಲ್ಲ. ಹಳೆ ಕಾರ್ಡುಗಳಲ್ಲಿ ಅಲ್ಲೊಂದು ಎತ್ತರದ ಕಲ್ಲಿನ ಸ್ತಂಭ ಕಾಣುತ್ತದೆ. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಬೆಂಗಳೂರು ಕೋಟೆ ಹಿಡಿದಾಗ ಸತ್ತ ಬ್ರಿಟಿಷ್ ಸೈನಿಕರ ಸ್ಮಾರಕ ಅದು. ಇಂಗ್ಲಿಷಿನಲ್ಲಿ ಸೆನೊಟಾಫ್ ಅನ್ನುತ್ತಿದ್ದರು. ಈಗಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಅಂತಲೇ ಹೆಸರು. 1964ರಲ್ಲಿ ಸ್ತಂಭವನ್ನು ಕೆಡವಿದರು. ಹಾಗಾಗಿ ಆ ಸ್ತಂಭ ಇರುವ ಯಾವ ಫೋಟೋ ಸಿಕ್ಕರೂ ಅದಕ್ಕೆ 'ಇದರ ನಂತರ ಅಲ್ಲ' ಅನ್ನುವ ಗೆರೆ ತಾನಾಗಿಯೇ ಬಿತ್ತು ಅಲ್ವಾ?

ಆ ಜಾಗದ ಹೆಸರುಗಳ ಪಟ್ಟಿ ಮಾಡಿಕೊಳ್ಳಿ. ಹುಡುಕುವಾಗ ಬೇಕಾಗುತ್ತದೆ. ಮಹಾತ್ಮ ಗಾಂಧಿ ರಸ್ತೆ ಅಂತ ಹುಡುಕಿದರೆ 1948ಕ್ಕಿಂತ ಹಿಂದಿನದು ಸಿಗುವುದು ಕಷ್ಟ, ಸೌತ್ ಪೆರೇಡ್ ಅಂತ ಹುಡುಕಬೇಕು. ಕಸ್ತೂರ್ಬಾ ರಸ್ತೆ ಸಿಡ್ನಿ ರಸ್ತೆಯಾಗಿತ್ತು. ಕಂಟೋನ್ಮೆಂಟಿಗೆ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಅಂತ ಅಧಿಕೃತ ಹೆಸರಿತ್ತು. ನಮ್ಮ ಹಿರಿಯರ ಬಾಯಲ್ಲಿ ಅದು ಬರೀ 'ದಂಡು'.

ಎರಡನೆಯದು: ಟ್ರಂಕು ಮೊದಲು, ಇಂಟರ್ನೆಟ್ ಆಮೇಲೆ

ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಪೋಸ್ಟ್‌ಕಾರ್ಡ್ ಯಾರಿಗಾಗಿ ಅಚ್ಚಾಯಿತು ಅನ್ನುವುದನ್ನು ಯೋಚಿಸಿದರೆ ಟ್ರಂಕು ಯಾಕೆ ಮೊದಲು ಅಂತ ಗೊತ್ತಾಗುತ್ತದೆ. ದಂಡಿನಲ್ಲಿದ್ದ ಸೈನಿಕರು, ಅಧಿಕಾರಿಗಳು, ಪಾದ್ರಿಗಳು ಊರಿಗೆ ಕಳಿಸಲು ಕೊಂಡ ಕಾರ್ಡುಗಳು ಇವು. ಅದಕ್ಕೇ ಅವುಗಳಲ್ಲಿ ಸೌತ್ ಪೆರೇಡ್, ಚರ್ಚು, ಕ್ಲಬ್ಬು, ಬ್ಯಾರಕ್ಕು, ಲಾಲ್‌ಬಾಗ್ ಧಾರಾಳ. ಪೇಟೆ ಕಡಿಮೆ. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಯ ಒಳಗಲ್ಲಿಗಳಂತೂ ತೀರಾ ಅಪರೂಪ. ಪೇಟೆಯ ಜನ ಬಂದರೂ ಮಾದರಿಗಳಾಗಿ ಬರುತ್ತಾರೆ: 'ಅಗಸ', 'ನೀರು ಹೊರುವವನು', 'ಹಿಂದೂ ಹೆಂಗಸು'. ಹೆಸರಿಲ್ಲ, ಊರಿಲ್ಲ. ಕೆಲವು ಸಲ ಅದೇ ಮನುಷ್ಯನ ಚಿತ್ರವನ್ನು ಬೇರೆ ಊರಿನ ಹೆಸರಿನಲ್ಲೂ ಮಾರಿದ್ದಾರೆ.

ಆದ್ದರಿಂದ ದಂಡಿನ ಬೆಂಗಳೂರು ಪೋಸ್ಟ್‌ಕಾರ್ಡಿನಲ್ಲಿ ಸಿಗುತ್ತದೆ. ಪೇಟೆಯ ಬೆಂಗಳೂರು ಅಜ್ಜಿಯ ಟ್ರಂಕಿನಲ್ಲಿ, ನಡುಮನೆ ಗೋಡೆಯ ಕಟ್ಟು ಹಾಕಿಸಿದ ಫೋಟೋದಲ್ಲಿ, ಶಾಲೆಯ ಗ್ರೂಪ್ ಫೋಟೋದಲ್ಲಿ, ಮದುವೆ ಮೆರವಣಿಗೆಯ ಹಿಂದಿನ ಬೀದಿಯಲ್ಲಿ ಇದೆ. ಮನೆಯವರಿಗೆ ಅದು ಮಾವನ ಮದುವೆ. ನಿಮಗೆ ಮಾವನ ಹಿಂದೆ ಇರುವ ಅಂಗಡಿ ಬೋರ್ಡು ಬೇಕು.

ಟ್ರಂಕು ಮುಗಿದ ಮೇಲೆ ಹೊರಗೆ ಹೋಗಿ. ಭಾನುವಾರದ ಸಂಡೇ ಬಜಾರ್, ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳು ನೋಡಿ. ಪುಸ್ತಕದ ಒಳಗೆ ಗುರುತಿಗೆ ಇಟ್ಟ ಕಾರ್ಡುಗಳು ಸಿಗುವುದುಂಟು. ಕರ್ನಾಪೆಕ್ಸ್‌ನಂಥ ಅಂಚೆಚೀಟಿ ಪ್ರದರ್ಶನಗಳಿಗೆ ತಪ್ಪದೆ ಹೋಗಿ. ಕೊಳ್ಳದಿದ್ದರೂ ಅಲ್ಲಿನ ಸಂಗ್ರಾಹಕರ ಮಾತು ಕೇಳುವುದೇ ಒಂದು ಪಾಠ. ನೃಪತುಂಗ ರಸ್ತೆಯಲ್ಲೇ ಮಿಥಿಕ್ ಸೊಸೈಟಿ ಇದೆ, 1909ರಲ್ಲಿ ಶುರುವಾದ ಇತಿಹಾಸ ಸಂಶೋಧನೆಯ ಸಂಸ್ಥೆ. ಬೇರೆ ಕಡೆ ರಾಜ್ಯ ಪತ್ರಾಗಾರವೂ ಇದೆ. ಅಲ್ಲಿಗೆ 'ಹಳೆ ಫೋಟೋ ಇದೆಯಾ' ಅಂತ ಹೋಗಬೇಡಿ. 'ಇಂಥ ಜಾಗ, ಇಂಥ ವರ್ಷಗಳ ನಡುವೆ' ಅಂತ ಹೋಗಿ.

ಇಂಟರ್ನೆಟ್ಟಿನಲ್ಲಿ ವಿಕಿಮೀಡಿಯ ಕಾಮನ್ಸ್, ಬ್ರಿಟಿಷ್ ಲೈಬ್ರರಿ, ಹಳೆ ಗೆಜೆಟಿಯರುಗಳಿಗೆ ಇಂಟರ್ನೆಟ್ ಆರ್ಕೈವ್. ಕಾರ್ಡು ಮಾರುವ ಡೆಲ್ಕಾಂಪ್, ಈಬೇ ತಾಣಗಳಲ್ಲಿ ಕೊಳ್ಳದೆಯೂ ಚಿತ್ರ ನೋಡಬಹುದು. ಹೆಚ್ಚಿನವರು ಕಾರ್ಡಿನ ಹಿಂಬದಿಯನ್ನೂ ಹಾಕಿರುತ್ತಾರೆ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗಿನವರಿಗೆ ಒಂದು ನಿಧಿಯೇ ಇದೆ: ಬಾಸೆಲ್ ಮಿಷನ್ನಿನ ಚಿತ್ರಸಂಗ್ರಹ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರು ಆಮೇಲೆ ತೆಗೆದ, ಸಂಗ್ರಹಿಸಿದ ಚಿತ್ರಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಾಪಾಡಿ, ಆನ್‌ಲೈನಿನಲ್ಲಿ ಇಟ್ಟಿದ್ದಾರೆ. ಈ ವಿಷಯದಲ್ಲಿ ಬೆಂಗಳೂರಿನವನಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಮೂರನೆಯದು: ಮುಟ್ಟುವ ಮೊದಲು ಸ್ಕ್ಯಾನ್

ಎರಡೂ ಬದಿ ಸ್ಕ್ಯಾನ್ ಮಾಡಿ. ಕಾರ್ಡಿಗೆ 600 ಡಿಪಿಐ, ಸಣ್ಣ ಫೋಟೋಗೆ 1200. ಟಿಫ್ ಆಗಿ ಉಳಿಸಿ, ಹಂಚಲು ಬೇಕಾದರೆ ಜೆಪೆಗ್ ನಕಲು ಮಾಡಿಕೊಳ್ಳಿ. ಮೊಬೈಲಿನಲ್ಲೇ ತೆಗೆಯುವುದಾದರೆ ಕಿಟಕಿ ಬೆಳಕಿನಲ್ಲಿ, ನೇರ ಮೇಲಿನಿಂದ, ಫ್ಲ್ಯಾಶ್ ಇಲ್ಲದೆ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಬೇಡಿ. ಕಿತ್ತರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ತೆಗೆಯಿರಿ. ಮತ್ತೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋ ಟೇಪ್ ಹಚ್ಚಬೇಡಿ, ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ. ಬರೆಯಲೇಬೇಕಾದರೆ ಪೆನ್ಸಿಲ್, ಮೂಲೆಯಲ್ಲಿ, ಹಗುರವಾಗಿ.

ನಾಲ್ಕನೆಯದು: ಮೊದಲು ಬೆನ್ನು ಓದಿ

ಚಿತ್ರ ಎಷ್ಟು ಚೆನ್ನಾಗಿದ್ದರೂ ತಡೆದುಕೊಳ್ಳಿ, ಕಾರ್ಡನ್ನು ತಿರುಗಿಸಿ.

ಹಿಂಬದಿಯ ನಡುವೆ ಗೆರೆ ಇದೆಯಾ ನೋಡಿ. ಮೊದಮೊದಲು ಆ ಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಒಕ್ಕಣೆ ಬರೆಯಬೇಕಾದರೆ ಚಿತ್ರದ ಬದಿಯ ಅಂಚಿನಲ್ಲಿ ಇರುಕಿಸಬೇಕಿತ್ತು. ಬ್ರಿಟನ್ 1902ರಲ್ಲಿ ಹಿಂಬದಿಯನ್ನು ಎರಡು ಭಾಗ ಮಾಡಲು ಒಪ್ಪಿತು: ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ಮುಂದಿನ ಕೆಲವು ವರ್ಷಗಳಲ್ಲಿ ಬೇರೆ ಕಡೆಯೂ ಅದೇ ರೂಢಿಯಾಯಿತು. ಹಾಗಾಗಿ ಗೆರೆ ಇಲ್ಲದ ಕಾರ್ಡ್ ಸಾಮಾನ್ಯವಾಗಿ ಹಳೆಯದು.

ಸ್ಟಾಂಪ್ ಇದ್ದರೆ ರಾಜರ ಮುಖ ಗುರುತಿಸಲು ಕಲಿಯಿರಿ. ವಿಕ್ಟೋರಿಯಾ ಇದ್ದರೆ ಕಾರ್ಡ್ ಬಹಳ ಹಳೆಯದು. 1902ರಿಂದ ಏಳನೇ ಎಡ್ವರ್ಡ್, ಗಡ್ಡ, ಬೋಳು ತಲೆ. 1911ರಿಂದ ಐದನೇ ಜಾರ್ಜ್, ಕಿರೀಟ, ಗಡ್ಡ. 1937ರಿಂದ ಆರನೇ ಜಾರ್ಜ್, ಗಡ್ಡ ಇಲ್ಲ. ನಯಾ ಪೈಸೆ ಅಂತ ಇದ್ದರೆ 1957ರ ಏಪ್ರಿಲ್ ನಂತರದ್ದು. ಹಳೆ ಸ್ಟಾಂಪನ್ನು ಆಮೇಲೂ ಬಳಸುತ್ತಿದ್ದರು. ಆದ್ದರಿಂದ ಸ್ಟಾಂಪು ಕಾರ್ಡ್ ಕಳಿಸಿದ ದಿನಕ್ಕೆ 'ಇದಕ್ಕಿಂತ ಮುಂಚೆ ಅಲ್ಲ' ಅನ್ನುವ ಗೆರೆ ಮಾತ್ರ ಕೊಡುತ್ತದೆ. ಅಂದಹಾಗೆ 'ಅಂಚೆ' ಮೈಸೂರು ಸಂಸ್ಥಾನದ ಸ್ವಂತ ವ್ಯವಸ್ಥೆಯ ಹೆಸರು. 1889ರಲ್ಲಿ ಅದನ್ನು ಬ್ರಿಟಿಷ್ ಇಂಡಿಯಾದ ವ್ಯವಸ್ಥೆಯಲ್ಲಿ ಸೇರಿಸಿದರು. ಇಲಾಖೆ ಹೋಯಿತು, ಮಾತು ಉಳಿಯಿತು.

ಅಂಚೆ ಮುದ್ರೆಯ ತಾರೀಖನ್ನು ಸ್ಕ್ಯಾನಿನಲ್ಲಿ ದೊಡ್ಡದು ಮಾಡಿ ಓದಿ. ಇಲ್ಲೊಂದು ಎಚ್ಚರಿಕೆ: ಮುದ್ರೆ ಕಾರ್ಡ್ ಕಳಿಸಿದ ದಿನ ಹೇಳುತ್ತದೆ, ಫೋಟೋ ತೆಗೆದ ದಿನ ಹೇಳುವುದಿಲ್ಲ. ಒಂದೇ ಗಾಜಿನ ನೆಗೆಟಿವ್‌ನಿಂದ ಹತ್ತಾರು ವರ್ಷ ಕಾರ್ಡು ಅಚ್ಚು ಹಾಕಿದ್ದಾರೆ.

ಕೊನೆಗೆ ಅಚ್ಚು ಹಾಕಿದವರು. ಮದರಾಸಿನ ವೀಲೆ ಅಂಡ್ ಕ್ಲೈನ್, ಹಿಗ್ಗಿನ್‌ಬಾಥಮ್ಸ್, ಲಂಡನ್ನಿನ ರಾಫೆಲ್ ಟಕ್ ಹೆಸರುಗಳು ಸಿಗಬಹುದು. 'ಜರ್ಮನಿಯಲ್ಲಿ ಮುದ್ರಿತ', 'ಸ್ಯಾಕ್ಸನಿಯಲ್ಲಿ ಮುದ್ರಿತ' ಅಂತಿದ್ದರೆ ಬಹುಮಟ್ಟಿಗೆ 1914ರ ಮಹಾಯುದ್ಧಕ್ಕೆ ಮುಂಚಿನದು. ಬೆಂಗಳೂರಿನ ಬೀದಿ ಜರ್ಮನಿಯಲ್ಲಿ ಅಚ್ಚಾಗಿ, ಹಡಗಿನಲ್ಲಿ ಬಂದು, ಬೆಂಗಳೂರಿನಲ್ಲಿ ಮಾರಾಟವಾಗಿ, ಮತ್ತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಯೋಚಿಸಿದರೆ ತಮಾಷೆ.

ಮನೆಯ ಫೋಟೋಗಳಿಗೆ ಸ್ಟುಡಿಯೋ ಸೀಲು ನೋಡಿ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರ. ಸೀಲಿನಲ್ಲಿ 'ಮೈಸೂರು ರಾಜ್ಯ' ಅಂತಿದ್ದರೆ ಹೆಚ್ಚಿನಂಶ 1973ರ ನವೆಂಬರಿಗೆ ಮುಂಚೆ. ಹೆಚ್ಚಿನಂಶ ಅಂದದ್ದು ಯಾಕೆಂದರೆ ಹಳೆ ರಬ್ಬರ್ ಸೀಲನ್ನು ನಮ್ಮವರು ಸವೆಯುವ ತನಕ ಬಿಡುವುದಿಲ್ಲ.

ಐದನೆಯದು: ಈಗ ಚಿತ್ರ, ಅದೂ ಹಿನ್ನೆಲೆಯಿಂದ

ಒಂದು ಭೂತಗನ್ನಡಿ ಕೊಳ್ಳಿ. ಮೊದಲು ಮೇಲ್ಮೈ ನೋಡಿ. ಸಾಲಾಗಿ ಚುಕ್ಕಿಗಳು ಕಂಡರೆ ಮುದ್ರಿತ ಕಾರ್ಡು. ಎಷ್ಟು ಹತ್ತಿರ ಹೋದರೂ ಚುಕ್ಕಿಯಿಲ್ಲದೆ ಕಪ್ಪು ಬೂದು ನಯವಾಗಿ ಬೆರೆತಿದ್ದರೆ ನಿಜವಾದ ಫೋಟೋ ಪ್ರಿಂಟು, ಅದರಲ್ಲಿ ದೂರದ ಬೋರ್ಡನ್ನೂ ಓದಬಹುದು.

ಆಮೇಲೆ ಚಿತ್ರದ ನಾಯಕನನ್ನು ಬಿಟ್ಟು ಅಂಚುಗಳನ್ನು ನೋಡಿ. ಬೆಂಗಳೂರಿಗೆ ನಾನು ಬಳಸುವ ಗುರುತುಗಳು ಇವು.

ವಿದ್ಯುತ್ ಬೀದಿದೀಪ ಕಂಡರೆ 1905ರ ಆಗಸ್ಟಿಗಿಂತ ಮುಂಚೆ ಅಲ್ಲ. ಕೆ.ಆರ್. ಮಾರುಕಟ್ಟೆಯ ಕಟ್ಟಡ ಇದ್ದರೆ 1920ರ ದಶಕಕ್ಕಿಂತ ಮುಂಚೆ ಅಲ್ಲ. ಪುಟ್ಟಣ್ಣಚೆಟ್ಟಿ ಪುರಭವನ 1935. ಅಠಾರ ಕಚೇರಿಯ (ಈಗಿನ ಹೈಕೋರ್ಟು) ಎದುರು ಬಯಲು ಕಂಡರೆ ವಿಧಾನಸೌಧಕ್ಕಿಂತ ಹಿಂದಿನದು. ವಿಧಾನಸೌಧಕ್ಕೆ ಅಡಿಗಲ್ಲು ಬಿದ್ದದ್ದು 1951ರಲ್ಲಿ, ಮುಗಿದದ್ದು 1956ರಲ್ಲಿ. ನಡುವೆ ಕಂಬಿ ಕಟ್ಟಿದ ಅರ್ಧ ಕಟ್ಟಡದ ಚಿತ್ರ ಸಿಕ್ಕರೆ ಬಿಡಬೇಡಿ. ಎಂ.ಜಿ. ರಸ್ತೆಯಲ್ಲಿ ಪ್ಲಾಜಾ ಟಾಕೀಸು ಕಂಡರೆ 1936ರ ನಂತರ. ಈಗ ಆ ಜಾಗದಲ್ಲಿ ಮೆಟ್ರೋ ನಿಲ್ದಾಣ. ಬಸ್ಸಿನ ಮೇಲೆ ಬಿಟಿಎಸ್ (ಈಗಿನ ಬಿಎಂಟಿಸಿಯ ಹಳೆ ಹೆಸರು) ಅಂತಿದ್ದರೆ 1997ಕ್ಕಿಂತ ಮುಂಚೆ. ಸಿನಿಮಾ ಪೋಸ್ಟರ್ ಕಂಡರೆ ಹೆಸರು ಓದಿ ಬಿಡುಗಡೆಯ ವರ್ಷ ಹುಡುಕಿ, ಆದರೆ ಮರುಬಿಡುಗಡೆಯ ಬಗ್ಗೆ ಹುಷಾರು.

ಪ್ರತಿಮೆಗಳೂ ನಡೆದಾಡುತ್ತವೆ ಅನ್ನುವುದು ನೆನಪಿರಲಿ. ಮಾರ್ಕ್ ಕಬ್ಬನ್ ಕುದುರೆ ಮೇಲೆ ಕೂತಿರುವ ಪ್ರತಿಮೆ 1866ರಲ್ಲಿ ಮೊದಲು ನಿಂತದ್ದು ಪೆರೇಡ್ ಮೈದಾನದಲ್ಲಿ. ಆಮೇಲೆ ಅಠಾರ ಕಚೇರಿ ಮುಂದೆ ಬಂತು. 2020ರಲ್ಲಿ ಪಾರ್ಕಿನ ಒಳಗೆ ಹೋಯಿತು. ಪ್ರತಿಮೆಯ ಹಿಂದೆ ಏನಿದೆ ಅನ್ನುವುದೇ ಕಾಲ ಹೇಳುತ್ತದೆ.

ಆರನೆಯದು: ಅನುಮಾನ ಪಡಿ

ಬಣ್ಣವನ್ನು ನಂಬಬೇಡಿ. ಹಳೆ ಬಣ್ಣದ ಕಾರ್ಡುಗಳು ಕಪ್ಪು ಬಿಳುಪು ಫೋಟೋಗೆ ಆಮೇಲೆ ಬಣ್ಣ ಹಚ್ಚಿದವು. ಹಚ್ಚಿದವರು ಬೆಂಗಳೂರನ್ನು ಕಂಡವರಲ್ಲ. ಸೀರೆ ಕೆಂಪಾಗಿತ್ತೋ ಹಸಿರಾಗಿತ್ತೋ ಅದರಿಂದ ಗೊತ್ತಾಗದು. ಮೋಡವನ್ನೂ ಬೇರೆ ಕಡೆಯಿಂದ ತಂದು ಸೇರಿಸಿರಬಹುದು. ಖಾಲಿ ರಸ್ತೆಯನ್ನೂ ಪೂರ್ತಿ ನಂಬಬೇಡಿ. ತೀರಾ ಹಳೆ ಕ್ಯಾಮೆರಾಗಳಿಗೆ ಬಹಳ ಹೊತ್ತು ಬೆಳಕು ಬೇಕಿತ್ತು, ನಡೆದು ಹೋದವರು ಮಸುಕಾಗಿ ಅಳಿಸಿಹೋಗುತ್ತಿದ್ದರು. 'ಆಗ ಎಷ್ಟು ಪ್ರಶಾಂತವಾಗಿತ್ತು' ಅನ್ನುವ ನಿಟ್ಟುಸಿರಿಗೆ ಸ್ವಲ್ಪ ರಿಯಾಯಿತಿ ಕೊಡಿ.

ನೆಗೆಟಿವ್ ತಿರುಗಿಸಿ ಅಚ್ಚು ಹಾಕಿದರೆ ಎಡ ಬಲ ಅದಲು ಬದಲು. ಬೋರ್ಡಿನ ಅಕ್ಷರ ನೋಡಿ. ಅಕ್ಷರ ಇಲ್ಲದಿದ್ದರೆ ಗಾಡಿಗಳು ಯಾವ ಬದಿಯಲ್ಲಿವೆ, ಸೀರೆಯ ಸೆರಗು ಯಾವ ಹೆಗಲ ಮೇಲಿದೆ ನೋಡಿ.

ಎಲ್ಲಕ್ಕಿಂತ ಹೆಚ್ಚಾಗಿ ಅಡಿಬರಹವನ್ನು ನಂಬಬೇಡಿ. ಇದನ್ನು ನಾನು ಮಾನ ಕಳೆದುಕೊಂಡು ಕಲಿತೆ. ಒಬ್ಬ ವ್ಯಾಪಾರಿಯಿಂದ 'ಬ್ಯಾಂಗಲೋರ್ ಟ್ಯಾಂಕ್' ಅಂತ ಅಚ್ಚಾಗಿದ್ದ ಕೆರೆಯ ಕಾರ್ಡು ಕೊಂಡೆ. ಧರ್ಮಾಂಬುಧಿ ಕೆರೆಯೇ ಇರಬೇಕು ಅಂತ ಕುಣಿದಾಡಿ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದೆ. ಎರಡು ದಿನ ಹೊಗಳಿಕೆ. ಮೂರನೇ ದಿನ ಪರಿಚಯದ ಹಿರಿಯರೊಬ್ಬರು ಫೋನ್ ಮಾಡಿ, 'ಅಲ್ಲಪ್ಪಾ, ಕೆರೆ ಹಿಂದೆ ಬೆಟ್ಟ ಇದೆಯಲ್ಲ, ಮೆಜೆಸ್ಟಿಕ್‌ನಲ್ಲಿ ಬೆಟ್ಟ ಎಲ್ಲಿಂದ ಬಂತು?' ಅಂದರು. ದೊಡ್ಡದು ಮಾಡಿ ನೋಡಿದೆ. ಚಾಮುಂಡಿ ಬೆಟ್ಟ. ನಾನು ಕೆರೆ ನೋಡಿದ್ದೆ, ಹಿನ್ನೆಲೆ ನೋಡಿರಲಿಲ್ಲ.

ಏಳನೆಯದು: ನಕ್ಷೆಯ ಮೇಲೆ ಕೂರಿಸಿ

ಬೆಂಗಳೂರಿನಲ್ಲಿ ಹೆಚ್ಚು ಕಾಣೆಯಾಗಿರುವುದು ನೀರು. ಆ ಧರ್ಮಾಂಬುಧಿ ಕೆರೆಯೇ ಈಗ ಕೆಂಪೇಗೌಡ ಬಸ್ ನಿಲ್ದಾಣ. 'ಮೆಜೆಸ್ಟಿಕ್' ಅನ್ನುವ ಹೆಸರು ಕೊಟ್ಟ ಟಾಕೀಸೂ ಈಗಿಲ್ಲ. ಕೆರೆ ಹೋಗಿ, ಟಾಕೀಸು ಹೋಗಿ, ಕಂಡಕ್ಟರ ಕೂಗು ಮಾತ್ರ ಉಳಿದಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕರಗದ ಆಚರಣೆಗೆ ಅಂತ ಅಲ್ಲೊಂದು ಸಣ್ಣ ಕುಂಟೆ ಉಳಿದಿದೆ. ಕೋರಮಂಗಲದ ಒಂದು ಕೆರೆ ರಾಷ್ಟ್ರೀಯ ಕ್ರೀಡಾಗ್ರಾಮ ಆಯಿತು.

ಇಂಥ ಜಾಗದ ಫೋಟೋಗೆ ಹಳೆ ನಕ್ಷೆ ಇಲ್ಲದೆ ಆಗುವುದಿಲ್ಲ. ಮೊದಲು ಗೂಗಲ್ ಅರ್ಥ್‌ನಲ್ಲಿ ಹಳೆ ವರ್ಷಗಳ ಚಿತ್ರ ನೋಡಿ. ಅದು ಹೆಚ್ಚೇನೂ ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೂ ಹಿಂದಕ್ಕೆ ಹೋಗಲು ಅಮೆರಿಕದ ಕೊರೋನಾ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳಿವೆ. ಹೆಸರು ಕೇಳಿ ಹೆದರಬೇಡಿ, ಅದು 1960ರಿಂದ 1972ರವರೆಗಿನ ಯೋಜನೆ. 1995ರಲ್ಲಿ ಆ ಚಿತ್ರಗಳ ಗುಟ್ಟು ಬಿಟ್ಟುಕೊಟ್ಟರು. ಅಮೆರಿಕದ ಭೂವಿಜ್ಞಾನ ಸರ್ವೆಯ ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ಹುಡುಕಬಹುದು. ಕೆರೆಯ ಏರಿ ಎಲ್ಲಿತ್ತು, ಅದರ ಮೇಲೆ ಯಾವ ರಸ್ತೆ ಬಂತು ಅನ್ನುವುದಕ್ಕೆ ಇವು ಕಣ್ಣು ತೆರೆಸುತ್ತವೆ. ಸೊಟ್ಟಗೆ ತಿರುಗುವ ಎಷ್ಟೋ ರಸ್ತೆಗಳು ಹಳೆ ಏರಿಗಳೇ.

ಫೋಟೋದಲ್ಲಿ ಅಲುಗಾಡದ ಗುರುತು ಹುಡುಕಿ. ಲಾಲ್‌ಬಾಗಿನ ಬಂಡೆ, ಕೆಂಪೇಗೌಡ ಗೋಪುರ, ಚರ್ಚಿನ ಶಿಖರ, ಮೇಯೋ ಹಾಲ್. ಕ್ಯಾಮೆರಾ ಎಲ್ಲಿತ್ತು, ಎತ್ತ ನೋಡುತ್ತಿತ್ತು ಅಂತ ನಕ್ಷೆಯ ಮೇಲೆ ಬಾಣ ಹಾಕಿ.

ಎಂಟನೆಯದು: ಅಲ್ಲೇ ಹೋಗಿ ನಿಲ್ಲಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡಿ. ಆಮೇಲೆ ಹೋದರೆ ಹಳೆ ಬೆಂಗಳೂರಿನ ಬದಲು ಸ್ಕೂಟರ್ ಬಂಪರು ಕಾಣುತ್ತದೆ.

ಅದೇ ಜಾಗದಲ್ಲಿ ನಿಲ್ಲಲು ಒಂದು ಉಪಾಯ ಇದೆ. ಫೋಟೋದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಆರಿಸಿ. ಉದಾಹರಣೆಗೆ ಗೇಟಿನ ಕಂಬ ಮತ್ತು ಹಿಂದಿನ ಗೋಪುರ. ಹಳೆ ಫೋಟೋದಲ್ಲಿ ಕಂಬದ ಬಲಕ್ಕೆ ಗೋಪುರದ ಎಷ್ಟು ಭಾಗ ಕಾಣುತ್ತದೆಯೋ ಅಷ್ಟೇ ಕಾಣುವ ತನಕ ಎಡಕ್ಕೆ ಬಲಕ್ಕೆ ಸರಿಯಿರಿ. ಇಂಥದೇ ಇನ್ನೊಂದು ಜೋಡಿ ಸಿಕ್ಕರೆ ಹಿಂದೆ ಮುಂದೆಯೂ ಸರಿಹೋಗುತ್ತದೆ. ಎರಡು ಜೋಡಿ ಕೂಡಿದ ಕಡೆ ನಿಂತರೆ ನೂರು ವರ್ಷದ ಹಿಂದೆ ಟ್ರೈಪಾಡ್ ಇದ್ದ ಜಾಗಕ್ಕೆ ಬಹಳ ಹತ್ತಿರ ಬಂದಿರುತ್ತೀರಿ. ಎಷ್ಟು ಸರಿದರೂ ಕೂಡದಿದ್ದರೆ ಮೇಲೆ ನೋಡಿ. ಬೀದಿಯ ಚಿತ್ರಗಳನ್ನು ಮಹಡಿಯ ಬಾಲ್ಕನಿಯಿಂದಲೂ ತೆಗೆಯುತ್ತಿದ್ದರು. ನೆರಳನ್ನೂ ನೋಡಿ: ಪಶ್ಚಿಮಕ್ಕೆ ಬಿದ್ದಿದ್ದರೆ ಬೆಳಿಗ್ಗೆಯ ಚಿತ್ರ, ನೀವೂ ಬೆಳಿಗ್ಗೆಯೇ ತೆಗೆಯಿರಿ. ಜೂಮ್ ಮಾಡಬೇಡಿ, ಅಗಲವಾಗಿ ತೆಗೆದು ಆಮೇಲೆ ಕತ್ತರಿಸಿ.

ಅಠಾರ ಕಚೇರಿಯ ಹತ್ತಿರ ಹೋದರೆ ಒಂದು ವಿಷಯ ಗಮನಿಸಿ. ವಿಧಾನಸೌಧದ ಕಡೆಯಿಂದ ನಾವೆಲ್ಲ ಫೋಟೋ ತೆಗೆಯುವುದು ಅದರ ಬೆನ್ನನ್ನು. 1868ರಲ್ಲಿ ಮುಗಿದ ಆ ಕಟ್ಟಡದ ಮುಖ ಪಾರ್ಕಿನ ಕಡೆಗಿದೆ. ಹಳೆ ಕಾರ್ಡು 'ಸರಿಯಾಗಿಲ್ಲ' ಅನ್ನಿಸಿದರೆ ನೀವು ಹಿಂದುಗಡೆ ನಿಂತಿರಬಹುದು. ಹೈಕೋರ್ಟು ಅಲ್ಲಿರುವುದರಿಂದ ಕಾವಲಿನವರು ಕೇಳಿದರೆ ಹಳೆ ಫೋಟೋ ತೋರಿಸಿ ಹೇಳಿ. ಅವರೂ ಕುತೂಹಲದಿಂದ ನೋಡುತ್ತಾರೆ.

ಒಂಬತ್ತನೆಯದು: ಹಿರಿಯರ ಹತ್ತಿರ ಕೂರಿ

ಫೋಟೋ ಪ್ರಿಂಟ್ ಹಾಕಿಸಿ ಒಯ್ಯಿರಿ, ದೊಡ್ಡದಾಗಿ. ಮೊಬೈಲ್ ಪರದೆಯಲ್ಲಿ ತೋರಿಸಿದರೆ ಕನ್ನಡಕ ಹುಡುಕುವುದರಲ್ಲೇ ಮಾತು ತಪ್ಪುತ್ತದೆ. 'ಇದು ಎಲ್ಲಿ ಅಂತ ಗೊತ್ತಾ ತಾತಾ?' ಅಂತ ಪರೀಕ್ಷೆ ಮಾಡಬೇಡಿ. 'ಇಲ್ಲಿ ನೀವು ಏನು ಕೊಳ್ಳೋಕೆ ಹೋಗ್ತಿದ್ರಿ?' ಅಂತ ಕೇಳಿ. ಅಂಗಡಿ ನೆನಪಾದರೆ ಪಕ್ಕದ ಅಂಗಡಿ ಬರುತ್ತದೆ, ಅದರ ಪಕ್ಕದ ಟಾಕೀಸು, ಟಿಕೆಟ್ ದರ, ಜೊತೆಗೆ ಹೋದವರು, ಎಲ್ಲಾ ಬರುತ್ತದೆ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ವರ್ಷ ಕೇಳಿದರೆ ತಪ್ಪು ಹೇಳುವುದು ಸಹಜ. 'ನಿಮ್ಮ ಮದುವೆಗೆ ಮುಂಚೆನಾ ಆಮೇಲಾ?' ಅಂದರೆ ಸರಿಯಾಗಿ ಹೇಳುತ್ತಾರೆ.

ಹತ್ತನೆಯದು: ಇಡುವುದು, ಹಂಚುವುದು

ಕಾರ್ಡುಗಳನ್ನು ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ, ಒಣಗಿದ ಜಾಗದಲ್ಲಿ ಇಡಿ. ಅಂಟು ಹಾಳೆಯ ಆಲ್ಬಂ ಬೇಡ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ನೂರು ವರ್ಷ ದಾಟಿದ ಕಾರ್ಡುಗಳಿಗೆ ಹಕ್ಕಿನ ತೊಡಕು ಸಾಮಾನ್ಯವಾಗಿ ಇಲ್ಲ. ಈಚಿನ ಫೋಟೋಗಳಿಗೆ ನಮ್ಮ ಕಾನೂನಿನಲ್ಲಿ ಈಗ ತೆಗೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಕಾನೂನು ಏನೇ ಇರಲಿ, ಬೇರೆಯವರ ಮನೆಯ ಆಲ್ಬಂ ಚಿತ್ರವನ್ನು ಕೇಳದೆ ಹಾಕುವುದು ಮರ್ಯಾದೆಯಲ್ಲ.

ಹಂಚುವಾಗ ಗೊತ್ತಿರುವುದು, ಊಹೆ, ಗೊತ್ತಿಲ್ಲದ್ದು ಮೂರನ್ನೂ ಬೇರೆ ಬೇರೆ ಬರೆಯಿರಿ. ನನ್ನ ಕಾರ್ಡಿನ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಹೀಗಿದೆ:

'ವಿಕ್ಟೋರಿಯಾ ಪ್ರತಿಮೆ. 1906ಕ್ಕಿಂತ ಮುಂಚೆ ಅಲ್ಲ: ಅನಾವರಣದ ವರ್ಷ. 1909ರ ನಂತರ ಅಲ್ಲ: ಅಂಚೆ ಮುದ್ರೆ. ಊಹೆ: ಬೆಳಗಿನ ಹೊತ್ತು, ನೆರಳು ಉದ್ದ ಇದೆ. ಗೊತ್ತಿಲ್ಲ: ಎಡ ಅಂಚಿನಲ್ಲಿ ಕೊಡೆ ಹಿಡಿದು ಕ್ಯಾಮೆರಾ ಕಡೆಗೇ ನೋಡುತ್ತಿರುವವರು ಯಾರು.'